ಶಕುನಿ ಬಳಿಯಿಲ್ಲದಾಗ

ಮಹಾಪುರುಷನೊಬ್ಬನ ಪತನಕ್ಕೆ ಕಾರಣವಾವುದು? ಅವನ ಒಳಗಿನ ಆಸೆಯೋ, ಹೊರಗಿನವರ ದುರ್ಬೋಧೆಯೋ? ರುದ್ರನಾಟಕವನ್ನು ಓದುವವರೆಲ್ಲರನ್ನೂ ಈ ಪ್ರಶ್ನೆ ಕಾಡದೆ ಬಿಡುವುದಿಲ್ಲ. ಮಾಟಗಾತಿಯರೂ ಮಡದಿಯೂ ಸೇರಿ ಮ್ಯಾಕ್‌ಬೆತ್‌ನನ್ನು ಕೆಡಿಸಿದರೆಂದು ಉತ್ತರಪತ್ರಿಕೆಯಲ್ಲಿ ಬರೆಯುವ ವಿದ್ಯಾರ್ಥಿಗಳುಂಟು. ಶಕುನಿಯೊಬ್ಬನಿಲ್ಲದಿದ್ದರೆ ಕೌರವನು ಕೆಡುತ್ತಿರಲಿಲ್ಲವೆಂದು ಮರುಗುವ ಹಿರಿಯರೂ ಉಂಟು. ಈ ಮಾತುಗಳಲ್ಲಿ ಕರುಣೆ ಪೂರ್ಣವಾಗಿದೆ. ಸತ್ಯ ಮಾತ್ರ ಅರ್ಧವಾಗಿದೆ.

ಮ್ಯಾಕ್‌ಬೆತ್ ಕನ್ನಡಿಗರಿಗೆ ಅಪರಿಚಿತನಲ್ಲ. 1895ರಲ್ಲಿಯೇ ಎಂ. ಎಲ್. ಶ್ರೀಕಂಠೇಶಗೌಡರು ಆ ಕಥೆಗೆ ನಮ್ಮ ನಾಡಿನ ಉಡುಗೆ ತೊಡಿಸಿ ‘ಪ್ರತಾಪರುದ್ರದೇವ’ ನಾಟಕವನ್ನು ರಚಿಸಿದರು. ಮುಂದೆ ಡಿ.ವಿ.ಜಿ.ಯವರು ಮೂಲವನ್ನು ಅನುವಾದಿಸಿದರು. ನಮ್ಮ ಕಾಲದಲ್ಲಿ ಎಚ್. ಎಸ್. ಶಿವಪ್ರಕಾಶರ ‘ಮಾರನಾಯಕನ ದೃಷ್ಟಾಂತ’ ಅದೇ ವಸ್ತುವಿಗೆ ಮತ್ತೊಂದು ಜನ್ಮ ಕೊಟ್ಟಿತು.

ಮಾಟಗಾತಿಯರ ಭವಿಷ್ಯವಾಣಿಯನ್ನು ಕೇಳಿದವರು ಇಬ್ಬರು. ಬ್ಯಾಂಕೋ ಅದನ್ನು ಶಂಕಿಸುತ್ತಾನೆ; ಮ್ಯಾಕ್‌ಬೆತ್ ಬೆಚ್ಚಿಬೀಳುತ್ತಾನೆ. ರಾಜನನ್ನು ಕೊಲ್ಲೆಂದು ಅವರು ಹೇಳಲಿಲ್ಲ. ಆ ಆಲೋಚನೆ ಅವನೊಳಗಿನಿಂದಲೇ ಎದ್ದಿತು. ಆದರೂ ಹೊರಗಿನ ಪ್ರೇರಣೆ ಸುಳ್ಳೆನ್ನುವಂತಿಲ್ಲ. ಅತಿಥಿಯೂ ಒಡೆಯನೂ ಆದ ಡಂಕನ್ನನನ್ನು ಕೊಲ್ಲುವುದು ಬೇಡವೆಂದು ಅವನು ಹಿಂಜರಿದಾಗ, ಅವನ ಪೌರುಷವನ್ನೇ ಹಳಿದು ಮುಂದೆ ನೂಕಿದವಳು ಮಡದಿ. ಮೊದಲ ಕೊಲೆಯಲ್ಲಿ ಅವಳ ಪಾಲೂ ಉಂಟು. ಎರಡನೆಯದರ ಮಾತು ಬೇರೆ. ಬ್ಯಾಂಕೋವನ್ನು ಕೊಲ್ಲಿಸುವ ಸಂಚನ್ನು ಅವನು ಅವಳಿಂದಲೂ ಮರೆಮಾಡುತ್ತಾನೆ. ಇನ್ನು ನೂಕುವವರು ಬೇಕಿಲ್ಲ. ಪರರ ಬೋಧೆ ಅವನ ಸ್ವಭಾವವೇ ಆಗಿಹೋಗಿದೆ.

ಇದೇ ಬೆಳಕಿನಲ್ಲಿ ನಮ್ಮ ರನ್ನನ ‘ಗದಾಯುದ್ಧ’ವನ್ನು ನೋಡಬೇಕು. ಹತ್ತನೆಯ ಶತಮಾನದ ಈ ಕವಿ ತನ್ನ ಆಶ್ರಯದಾತನಾದ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದನು. ಓದುಗರ ಕಣ್ಣೀರು ಮಾತ್ರ ದುರ್ಯೋಧನನ ಪಾಲಾಯಿತು. ಅದರ ನಾಟಕಶಕ್ತಿಯನ್ನು ಕಂಡ ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ‘ಗದಾಯುದ್ಧ ನಾಟಕಂ’ ಎಂಬ ರುದ್ರನಾಟಕವನ್ನು ಅದರಿಂದಲೇ ಕಡೆದು ತೆಗೆದರು.

ರಣಭೂಮಿಯಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನನ ಪಕ್ಕದಲ್ಲಿ ಇರುವವನು ಸಂಜಯ. ಪಗಡೆ ಉರುಳಿಸಿದ ಶಕುನಿ ಬಳಿಯಿಲ್ಲ. ಬೆನ್ನಿಗೆ ನಿಲ್ಲುತ್ತಿದ್ದ ಕರ್ಣ, ದುಶ್ಶಾಸನರು ಹೆಣವಾಗಿ ಬಿದ್ದಿದ್ದಾರೆ. ಹೊರಗಿನಿಂದ ಈಗ ಬರುವ ಮಾತೆಲ್ಲವೂ ಹಿತವಚನವೇ. ಹೆತ್ತವರು ಸಂಧಿಗಾಗಿ ಬೇಡುತ್ತಾರೆ. ಶರಶಯ್ಯೆಯ ಭೀಷ್ಮನೂ ಅದನ್ನೇ ಹೇಳುತ್ತಾನೆ. ಅವನು ಒಪ್ಪುವುದಿಲ್ಲ. ರಾಜ್ಯದಾಸೆ ಸೋರಿಹೋಗಿ ಛಲವೊಂದೇ ಉಳಿದಿದೆ. ಶತ್ರುಪುತ್ರನಾದ ಅಭಿಮನ್ಯುವಿನ ಶೌರ್ಯಕ್ಕೆ ತಲೆಬಾಗುವ ಹಿರಿಮೆಯೂ, ಹಿತವನ್ನು ತಳ್ಳುವ ಹಟವೂ ಒಂದೇ ಎದೆಯಲ್ಲಿವೆ. ದುರಂತವೆಂಬುದು ಇದೇ ಅಲ್ಲವೆ?

ನಮ್ಮ ರಾಮಕುಂಜ, ಉಪ್ಪಿನಂಗಡಿ, ಪುತ್ತೂರುಗಳ ಸುತ್ತಿನವರಿಗೆ ಈ ತತ್ತ್ವವನ್ನು ಪುಸ್ತಕ ಹಿಡಿದು ಬೋಧಿಸಬೇಕಾಗಿಲ್ಲ. ವೇಷವೂ ಕುಣಿತವೂ ಇಲ್ಲದೆ ಮಾತಿನ ಬಲದಿಂದಲೇ ನಡೆಯುವ ತಾಳಮದ್ದಳೆಯಲ್ಲಿ ಅದನ್ನು ಅವರು ಕೇಳುತ್ತಲೇ ಬಂದಿದ್ದಾರೆ. ‘ಕೃಷ್ಣಸಂಧಾನ’ ಪ್ರಸಂಗದಲ್ಲಿ ಸಮರ್ಥನಾದ ಅರ್ಥಧಾರಿ ಕೌರವನ ಪಾತ್ರ ವಹಿಸಿದರೆ, ಮಾವ ಹೇಳಿದನೆಂದು ನುಣುಚಿಕೊಳ್ಳಲಾರ. ಕೃಷ್ಣನಿಗೆ ಇದಿರಾಗಿ ಕುಳಿತು ತನ್ನ ಪಕ್ಷವನ್ನು ತನ್ನದೆಂದೇ ವಾದಿಸಬೇಕು. ರಾವಣ, ವಾಲಿ, ಕೌರವರಂಥ ಪಾತ್ರಗಳಿಗೆ ವಿಚಾರದ ಘನತೆಯನ್ನು ತಂದುಕೊಟ್ಟ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಈ ಪರಂಪರೆಯ ಹಿರಿಯರು.

ತಪ್ಪನ್ನೆಲ್ಲ ಶಕುನಿಯ ತಲೆಗೆ ಕಟ್ಟಿದರೆ ಕೌರವನಿಗೆ ಉಪಕಾರ ಮಾಡಿದಂತೆ ತೋರಬಹುದು. ವಾಸ್ತವವಾಗಿ ಅವನ ಹಿರಿಮೆಯನ್ನೂ ಅಲ್ಲಿಗೆ ಕಸಿದುಕೊಂಡಂತಾಯಿತು. ಸೂತ್ರದ ಬೊಂಬೆ ಬಿದ್ದರೆ ಯಾರೂ ಅಳುವುದಿಲ್ಲ. ಬೇರೆ ದಾರಿ ಕಂಡೂ ಕೆಟ್ಟ ದಾರಿ ಹಿಡಿದವನ ಪತನವೇ ನಮ್ಮನ್ನು ನಡುಗಿಸುತ್ತದೆ. ಸಹವಾಸದೋಷವೆಂಬ ಸುಲಭದ ನೆಪವನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡಿರುವ ನಮಗೆಲ್ಲ ಈ ನಾಯಕರು ಕಲಿಸುವ ಪಾಠ ಕಠಿನವಾದುದು: ದುರ್ಬೋಧೆ ಕಿವಿಯ ಬಾಗಿಲವರೆಗೆ ಬರುತ್ತದೆ, ಒಳಗೆ ಕರೆದು ಮಣೆ ಹಾಕುವವರು ನಾವು.