ಐದು ದೊರೆಗಳ ಸಂಬಳ, ಆರನೆಯವರ ಗುಟ್ಟು: ‘ವುಲ್ಫ್ಸ್ ಡ್ರಗೂನ್ಸ್’ ಕಥೆ ಏನು?

ದುಡ್ಡು ಕೊಟ್ಟವರ ಪರ ಯುದ್ಧ ಮಾಡುವ ಸೈನಿಕರನ್ನ ನಂಬಬಹುದಾ? ಈ ಪ್ರಶ್ನೆ ಇಟ್ಕೊಂಡು ಇವತ್ತು ಒಂದು ಸಾವಿರ ವರ್ಷ ಮುಂದಕ್ಕೆ ಹೋಗೋಣ.

‘ಬ್ಯಾಟಲ್‌ಟೆಕ್’ ಹೆಸರನ್ನ ಗೇಮ್ ಆಡುವವರು ಕೇಳಿರ್ತೀರಿ. ಅಮೆರಿಕದ ಫಾಸಾ ಕಂಪನಿ 1984ರಲ್ಲಿ ತಂದ ಬೋರ್ಡ್ ಗೇಮ್ ಇದು. ಆಮೇಲೆ ಕಾದಂಬರಿಗಳು ಬಂದವು, ‘ಮೆಕ್‌ವಾರಿಯರ್’ ವಿಡಿಯೊ ಗೇಮ್‌ಗಳೂ ಬಂದವು. ಕಥೆ ನಡೆಯೋದು 31ನೇ ಶತಮಾನದಲ್ಲಿ. ಬೇರೆ ಬೇರೆ ಗ್ರಹಗಳಲ್ಲಿ ನೆಲೆಸಿರುವ ಮನುಷ್ಯರನ್ನ ಐದು ರಾಜಮನೆತನಗಳು ಆಳುತ್ತಿವೆ: ಡೇವಿಯನ್, ಲಿಯಾವೊ, ಮರಿಕ್, ಸ್ಟೈನರ್, ಕುರಿಟಾ. ಐವರಿಗೂ ಪರಸ್ಪರ ಆಗಲ್ಲ.

ಯುದ್ಧದ ಮುಖ್ಯ ಆಯುಧ ‘ಬ್ಯಾಟಲ್‌ಮೆಕ್’. ಎರಡು ಕಾಲಿನ ಮೇಲೆ ನಡೆಯುವ, 20ರಿಂದ 100 ಟನ್ ತೂಗುವ ಯಂತ್ರ. ಒಳಗೆ ಕೂತು ನಡೆಸೋದು ಒಬ್ಬ ಪೈಲಟ್. ಹಳೆಯ ತಂತ್ರಜ್ಞಾನ ಕಳೆದುಹೋಗಿರೋದರಿಂದ ಹೊಸ ಮೆಕ್ ಸಿಗೋದು ಕಷ್ಟ. ಎಷ್ಟೋ ಮನೆಗಳಲ್ಲಿ ಮೆಕ್ ಅಂದ್ರೆ ತಾತನಿಂದ ಮೊಮ್ಮಗನಿಗೆ ಬರುವ ಆಸ್ತಿ.

ಹಾಗಾಗಿ ಬಾಡಿಗೆ ಪಡೆಗಳು ಒಪ್ಪಂದಕ್ಕೆ ಸಹಿ ಹಾಕುವಾಗ ಬರೀ ಸಂಬಳ ನೋಡಲ್ಲ. ರಿಪೇರಿ ಖರ್ಚು ಯಾರದು? ಸಾಗಣೆ ಯಾರದು? ಗೆದ್ದಮೇಲೆ ಶತ್ರುವಿನ ಮುರಿದ ಯಂತ್ರಗಳು ಯಾರಿಗೆ ಸೇರಬೇಕು? ಮೈದಾನದಲ್ಲಿ ಆದೇಶ ಕೊಡೋರು ಯಾರು? ಇದರಲ್ಲಿ ಒಂದು ತಪ್ಪಿದರೂ ಯುದ್ಧ ಗೆದ್ದು ದಿವಾಳಿ ಆಗಬಹುದು.

ಈ ಲೋಕಕ್ಕೆ 3005ರಲ್ಲಿ ‘ವುಲ್ಫ್ಸ್ ಡ್ರಗೂನ್ಸ್’ ಬರ್ತಾರೆ. ನಾಯಕ ಜೇಮಿ ವುಲ್ಫ್. ಜೊತೆಗೆ ಐದು ರೆಜಿಮೆಂಟ್. ಒಂದು ರೆಜಿಮೆಂಟ್ ಅಂದ್ರೆ ನೂರಕ್ಕೂ ಹೆಚ್ಚು ಮೆಕ್. ಎಲ್ಲಿಂದ ಬಂದರು ಅಂತ ಯಾರಿಗೂ ಗೊತ್ತಿಲ್ಲ. ಮುಂದಿನ ವರ್ಷಗಳಲ್ಲಿ ಐದೂ ಮನೆತನಗಳಿಗೆ ಒಂದಾದ ಮೇಲೊಂದರಂತೆ ಕೆಲಸ ಮಾಡ್ತಾರೆ.

ಅದಕ್ಕೆ ಬೆಲೆಯನ್ನೂ ತೆರುತ್ತಾರೆ. ಮರಿಕ್ ಮನೆಯ ಅಣ್ಣತಮ್ಮಂದಿರ ಜಗಳದಲ್ಲಿ ಆಂಟನ್ ಮರಿಕ್, ಡ್ರಗೂನ್ಸ್ ಪಡೆಯನ್ನ ಒಡೆದು ತನ್ನ ಸೈನ್ಯಕ್ಕೆ ಹಂಚಬೇಕು ಅಂತಾನೆ. ಜೇಮಿ ಒಪ್ಪಲ್ಲ. ಆಂಟನ್, ಜೇಮಿಯ ಸಹೋದರ ಜೋಶುವಾನನ್ನ ಒತ್ತೆ ಇಟ್ಟುಕೊಂಡು ಕೊಲ್ಲಿಸ್ತಾನೆ. ನತಾಶಾ ಕೆರೆನ್ಸ್ಕಿಯ ‘ಬ್ಲ್ಯಾಕ್ ವಿಡೋ’ ತಂಡ ಅವನ ಅರಮನೆಗೇ ನುಗ್ಗಿ ಸೇಡು ತೀರಿಸಿಕೊಳ್ಳುತ್ತೆ.

ಇನ್ನು ಗುಟ್ಟಿನ ವಿಷಯ. ಶತಮಾನಗಳ ಹಿಂದೆ ಒಂದು ದೊಡ್ಡ ಸೈನ್ಯ ಈ ಲೋಕವನ್ನೇ ಬಿಟ್ಟು ಹೋಗಿತ್ತು. ಅದರ ವಂಶಸ್ಥರೇ ‘ಕ್ಲಾನ್’ಗಳು. ವಾಪಸ್ ಬಂದು ಎಲ್ಲವನ್ನೂ ಗೆಲ್ಲೋದು ಅವರಲ್ಲಿ ಹಲವರ ಆಸೆ. ಡ್ರಗೂನ್ಸ್ ಅವರು ಕಳಿಸಿದ ಬೇಹುಗಾರರು! ಐದು ಮನೆತನಗಳ ಬಲ ಎಷ್ಟು ಅಂತ ಒಳಗಿದ್ದು ಅಳೆಯೋದೇ ಅವರ ನಿಜವಾದ ಕೆಲಸ. ಆದರೆ ದಾಳಿಯನ್ನ ವಿರೋಧಿಸುತ್ತಿದ್ದ ವುಲ್ಫ್ ಕ್ಲಾನ್ ನಾಯಕನೇ ಮುಂದೆ ಗುಟ್ಟಾಗಿ ಹೇಳ್ತಾನೆ: ವರದಿ ನಿಲ್ಲಿಸಿ, ಅಲ್ಲಿನವರನ್ನ ಸಜ್ಜುಗೊಳಿಸಿ.

ಕ್ಲಾನ್‌ಗಳು ದಾಳಿ ಮಾಡಿದಾಗ, 3051ರಲ್ಲಿ ಜೇಮಿ ಐದೂ ಮನೆತನಗಳ ನಾಯಕರನ್ನ ತನ್ನ ಗ್ರಹ ಔಟ್‌ರೀಚ್‌ಗೆ ಕರೆಸಿ ಸತ್ಯ ಬಾಯಿಬಿಡ್ತಾನೆ. ಅವರ ವಾರಸುದಾರರಿಗೆ ಅಲ್ಲೇ ತರಬೇತಿಯನ್ನೂ ಕೊಡ್ತಾನೆ.

ಜೇಮಿಗೆ ಬೇರೆ ದಾರಿಯೂ ಇತ್ತು. ಬಾಯಿ ಮುಚ್ಚಿಕೊಂಡು ಗೆಲ್ಲುವವರ ಕಡೆ ಸೇರಬಹುದಿತ್ತು. ಆದರೆ ಅಷ್ಟು ವರ್ಷ ಬದುಕಿದ, ತನ್ನವರನ್ನ ಮಣ್ಣು ಮಾಡಿದ ನೆಲ ಅವನಿಗೆ ಬರೀ ಗಿರಾಕಿಯಾಗಿ ಉಳಿದಿರಲಿಲ್ಲ. ಸಂಬಳಕ್ಕೆ ದುಡಿಯುವವನಿಗೆ ನಿಷ್ಠೆ ಇರಲ್ಲ ಅನ್ನೋ ಮಾತಿಗೆ ಈ ಕಥೆಯ ಉತ್ತರ ಇದು: ಒಪ್ಪಂದ ಮುಗಿದ ಮೇಲೂ ನೀವು ಯಾರ ಪರ ನಿಲ್ತೀರಿ ಅನ್ನೋದೇ ನಿಷ್ಠೆ.

ನಿಮಗೇನು ಅನ್ಸುತ್ತೆ? ಜೇಮಿ ಮಾಡಿದ್ದು ದ್ರೋಹಾನಾ, ನಿಷ್ಠೆನಾ? ಯೋಚಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.