ಮಿಷನ್ ಪ್ರೆಸ್ಸಿನ ಬಾಗಿಲಲ್ಲಿ ಲೇಖಕ

ಕನ್ನಡ ಲಿಪಿ ಅಚ್ಚುಮೊಳೆಯ ರೂಪ ತಾಳಿದ ಮೊದಲ ತಾಣಗಳಲ್ಲೊಂದು ಬಂಗಾಳದಲ್ಲಿದೆ. ಕೋಲ್ಕತ್ತದಿಂದ ಉತ್ತರಕ್ಕೆ, ಹೂಗ್ಲಿ ನದಿಯ ಪಶ್ಚಿಮ ದಂಡೆಯ ಸೆರಾಂಪುರದಲ್ಲಿದ್ದ ಬ್ಯಾಪ್ಟಿಸ್ಟ್ ಮಿಷನರಿಗಳ ಪ್ರೆಸ್ಸಿನಿಂದ 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಹೊರಬಂತು. ವಿವರಣೆಯೆಲ್ಲ ಇಂಗ್ಲಿಷಿನಲ್ಲಿ, ಉದಾಹರಣೆಗಳು ಕನ್ನಡ ಅಕ್ಷರಗಳಲ್ಲಿ. ಅಂದು ಆ ಊರಿನ ಸುತ್ತ ಕನ್ನಡ ಓದಬಲ್ಲವರು ಎಷ್ಟು ಮಂದಿ ಇದ್ದಿರಬಹುದು? ಲಾಭ ನೋಡಿ ಕೆಲಸ ಹಿಡಿಯುವ ಯಾವ ಮುದ್ರಕನೂ ಆ ಹಸ್ತಪ್ರತಿಗೆ ಕೈ ಚಾಚುತ್ತಿರಲಿಲ್ಲ, ಅದಕ್ಕಾಗಿ ಹೊಸ ಮೊಳೆ ಕೊರೆಸುವ ಮಾತಂತೂ ದೂರವೇ ಉಳಿಯಿತು. ಆ ಪ್ರೆಸ್ಸು ಅದನ್ನು ಅಚ್ಚು ಹಾಕಿದ್ದು ಮಾರಾಟದ ಆಸೆಯಿಂದಲ್ಲ. ಭಾರತದ ಭಾಷೆಗಳಿಗೆಲ್ಲ ಬೈಬಲ್ಲನ್ನು ತರಬೇಕೆಂಬ ಗುರಿ ಅದರದು, ವ್ಯಾಕರಣ ಆ ದಾರಿಯ ಒಂದು ಮೆಟ್ಟಿಲು. ಇಂದು ಚರ್ಚಿನ ಚರಿತ್ರೆಯನ್ನೋ ಕೀರ್ತನೆಗಳ ಸಂಗ್ರಹವನ್ನೋ ದೈವಶಾಸ್ತ್ರದ ಅನುವಾದವನ್ನೋ ಕೈಯಲ್ಲಿ ಹಿಡಿದು ಸಣ್ಣ ಕ್ರೈಸ್ತ ಪ್ರಕಾಶನವೊಂದರ ಬಾಗಿಲಿಗೆ ಹೋಗುವ ಲೇಖಕರು ಈ ಹಿನ್ನೆಲೆಯನ್ನು ತಿಳಿದಿರುವುದು ಒಳ್ಳೆಯದು. ಇಂಥ ಪ್ರೆಸ್ಸು ಮಾರುಕಟ್ಟೆ ಮುಟ್ಟದ ಪುಸ್ತಕವನ್ನು ಒಪ್ಪುವುದಕ್ಕೂ, ಮಾರಾಟವಾಗಬಲ್ಲ ಪುಸ್ತಕವನ್ನು ತಿರಸ್ಕರಿಸುವುದಕ್ಕೂ ಕಾರಣ ಒಂದೇ, ಅದರ ಘೋಷಿತ ಉದ್ದೇಶ. ಬೇಡ ಎನ್ನಬಲ್ಲ ಪ್ರೆಸ್ಸೇ ಲೇಖಕರು ನಂಬಬಹುದಾದ ಪ್ರೆಸ್ಸು ಎಂಬುದು ನನ್ನ ವಾದ.

ಸೆರಾಂಪುರದ ಪ್ರೆಸ್ಸು ಹುಟ್ಟಿದ ಬಗೆಯನ್ನು ನೋಡಿ. ಕೇರಿ ಬಂಗಾಳಕ್ಕೆ ಬಂದದ್ದು 1793ರಲ್ಲಿ. ಈಸ್ಟ್ ಇಂಡಿಯಾ ಕಂಪನಿಗೆ ತನ್ನ ಆಡಳಿತದ ನೆಲದಲ್ಲಿ ಮಿಷನರಿಗಳು ಬೇಡವಾಗಿದ್ದರು. ಹಾಗಾಗಿ ಮುದ್ರಕ ವಿಲಿಯಂ ವಾರ್ಡ್ ಮತ್ತು ಶಿಕ್ಷಕ ಜೋಶುವಾ ಮಾರ್ಷ್‌ಮನ್ 1799ರಲ್ಲಿ ಬಂದಾಗ ಡೆನ್ಮಾರ್ಕಿನವರ ವಶದಲ್ಲಿದ್ದ ಸೆರಾಂಪುರದಲ್ಲಿ ಆಶ್ರಯ ಪಡೆದರು. 1800ರ ಜನವರಿಯಲ್ಲಿ ಕೇರಿ ಅವರನ್ನು ಸೇರಿಕೊಂಡ. ಬಂಡವಾಳವೆಂದರೆ ಒಂದು ಮರದ ಕೈಪ್ರೆಸ್ಸು. ಆದರೆ ಅವರಿಗೆ ಪಂಚಾನನ ಕರ್ಮಕಾರ ಸಿಕ್ಕಿದ. ಹಾಲ್‌ಹೆಡ್‌ನ ಬಂಗಾಳಿ ವ್ಯಾಕರಣಕ್ಕೆ 1778ರಲ್ಲಿ ಚಾರ್ಲ್ಸ್ ವಿಲ್ಕಿನ್ಸ್ ಜೊತೆ ಮೊಳೆ ತಯಾರಿಸಿದ ಕುಶಲಿ ಆತ. ಅವನ ವಿದ್ಯೆಯನ್ನು ಅಳಿಯ ಮನೋಹರ ಮುಂದುವರಿಸಿದ. 1801ರ ಹೊತ್ತಿಗೆ ಬಂಗಾಳಿ ಹೊಸ ಒಡಂಬಡಿಕೆ ಸಿದ್ಧವಾಯಿತು. ಇದಕ್ಕೆಲ್ಲ ಹಣ ಬಂದದ್ದು ಇಂಗ್ಲೆಂಡಿನ ದೇಣಿಗೆಯಿಂದ ಮಾತ್ರವಲ್ಲ. ಕೇರಿ 1801ರಲ್ಲಿ ಕೋಲ್ಕತ್ತದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಅಧ್ಯಾಪಕನಾದ, ಅವನ ಸಂಬಳ ಸಮುದಾಯದ ಹುಂಡಿಗೆ ಹೋಗುತ್ತಿತ್ತು. ಜೋಶುವಾ ಮತ್ತು ಹನ್ನಾ ಮಾರ್ಷ್‌ಮನ್ ದಂಪತಿ ನಡೆಸಿದ ವಸತಿ ಶಾಲೆಗಳ ಆದಾಯವೂ ಅಲ್ಲಿಗೇ. ಪ್ರೆಸ್ಸು ಹೊರಗಿನವರ ಮುದ್ರಣ ಕೆಲಸವನ್ನೂ ಕೂಲಿಗೆ ಒಪ್ಪಿಕೊಳ್ಳುತ್ತಿತ್ತು. ಒಂದು ಕೈಯಲ್ಲಿ ಗಳಿಸಿ ಇನ್ನೊಂದು ಕೈಯಲ್ಲಿ ನಷ್ಟದ ಪುಸ್ತಕ ತರುವ ಈ ಲೆಕ್ಕಾಚಾರವನ್ನು ಅರಿಯದೆ ಯಾವ ಸಣ್ಣ ಪ್ರಕಾಶನವನ್ನೂ ಅರ್ಥಮಾಡಿಕೊಳ್ಳಲಾಗದು.

ಈ ಲೆಕ್ಕಾಚಾರದಿಂದ ವಿಚಿತ್ರವೂ ಸಂತೋಷಕರವೂ ಆದ ಫಲ ಬಂತು. ಮತಪ್ರಚಾರಕ್ಕೆಂದು ಸ್ಥಾಪಿಸಿದ ಪ್ರೆಸ್ಸಿನಲ್ಲಿ ಕೃತ್ತಿವಾಸನ ಬಂಗಾಳಿ ರಾಮಾಯಣವೂ ಕಾಶೀರಾಮದಾಸನ ಮಹಾಭಾರತವೂ ಮೊದಲ ಬಾರಿಗೆ ಅಚ್ಚು ಕಂಡವು. ರಾಮರಾಮ ಬಸು ಬರೆದ ಪ್ರತಾಪಾದಿತ್ಯನ ಚರಿತ್ರೆ 1801ರಲ್ಲಿ ಬಂತು. ಬಂಗಾಳಿಯೊಬ್ಬ ಬರೆದು ಅಚ್ಚಾದ ಮೊದಲ ಬಂಗಾಳಿ ಗದ್ಯಕೃತಿಯೆಂದು ಅದನ್ನು ಗುರುತಿಸುತ್ತಾರೆ. ಫೋರ್ಟ್ ವಿಲಿಯಂ ಕಾಲೇಜಿಗೆ ಪಠ್ಯಗಳು ಬೇಕಿದ್ದವು, ಕಾಲೇಜು ಪ್ರತಿಗಳನ್ನು ಕೊಳ್ಳುತ್ತಿತ್ತು, ಆದ್ದರಿಂದ ಪುಸ್ತಕ ಬದುಕಿತು. 1812ರ ಮಾರ್ಚಿನಲ್ಲಿ ಬೆಂಕಿ ಬಿದ್ದು ಕಾಗದ, ಮೊಳೆ, ಹಸ್ತಪ್ರತಿಗಳೆಲ್ಲ ಸುಟ್ಟುಹೋದವು. ಕೇರಿಯ ಬಹುಭಾಷಾ ನಿಘಂಟಿನ ಸಾಮಗ್ರಿಯೂ ಅದರಲ್ಲಿ ನಾಶವಾಯಿತು. ಬೂದಿಯಡಿ ಉಳಿದಿದ್ದ ಉಕ್ಕಿನ ಅಚ್ಚುಗಳಿಂದ ಮತ್ತೆ ಮೊಳೆ ಎರಕ ಹೊಯ್ದು ಕೆಲವೇ ತಿಂಗಳಲ್ಲಿ ಕೆಲಸ ಮುಂದುವರಿಸಿದರು. 1801ರಿಂದ 1832ರವರೆಗೆ ಈ ಪ್ರೆಸ್ಸಿನಿಂದ 40 ಭಾಷೆಗಳಲ್ಲಿ 2,12,000 ಪ್ರತಿಗಳು ಹೊರಬಂದವೆಂಬುದು ಚರಿತ್ರೆಕಾರರು ಕೊಡುವ ಲೆಕ್ಕ. ಅಷ್ಟು ಭಾಷೆಗಳ ನಡುವೆ ಕನ್ನಡಕ್ಕೆ ಸಿಕ್ಕಿದ್ದು ಒಂದು ಸಣ್ಣ ಮೂಲೆ. ಆದರೂ ಆ ಮೂಲೆಯನ್ನು ಬೇರೆ ಯಾರೂ ಆಗ ಕೊಡುತ್ತಿರಲಿಲ್ಲ.

ಇನ್ನೊಂದು ಮುಖವನ್ನು ತೋರಿಸುವುದು ಕೋಲ್ಕತ್ತ ನಗರದಲ್ಲೇ ನಡೆದ ಪ್ರಸಂಗ. 1818ರಲ್ಲಿ ಡಬ್ಲ್ಯು. ಎಚ್. ಪಿಯರ್ಸ್ ಆರಂಭಿಸಿದ ಬ್ಯಾಪ್ಟಿಸ್ಟ್ ಮಿಷನ್ ಪ್ರೆಸ್ಸು ಸರ್ಕ್ಯುಲರ್ ರಸ್ತೆಯಲ್ಲಿತ್ತು. ರಾಜಾ ರಾಮಮೋಹನ ರಾಯರು 1820ರಲ್ಲಿ ಸುವಾರ್ತೆಗಳಿಂದ ಯೇಸುವಿನ ನೀತಿಬೋಧೆಯನ್ನಷ್ಟೇ ಆಯ್ದು, ಪವಾಡಗಳನ್ನೂ ತ್ರಿತ್ವದ ವಿಚಾರವನ್ನೂ ಬದಿಗಿಟ್ಟು ಒಂದು ಪುಸ್ತಕ ಸಿದ್ಧಪಡಿಸಿದರು. ಅದನ್ನು ಅಚ್ಚು ಹಾಕಿದ್ದು ಅದೇ ಕ್ರೈಸ್ತ ಪ್ರೆಸ್ಸು. ಸೆರಾಂಪುರದ ಮಾರ್ಷ್‌ಮನ್ ತಮ್ಮ ಪತ್ರಿಕೆಯಲ್ಲಿ ಅದನ್ನು ಕಟುವಾಗಿ ಖಂಡಿಸಿದರು, ರಾಯರು ಉತ್ತರ ಬರೆದರು, ಮರು ಉತ್ತರ ಬಂತು. 1821ರ ಎರಡನೆಯ ಸಮರ್ಥನೆಯೂ ಅಲ್ಲೇ ಅಚ್ಚಾಯಿತು. ಕೊನೆಯ ಸಮರ್ಥನೆಯ ಹಸ್ತಪ್ರತಿ ಹೋದಾಗ ಮಾತ್ರ ಪ್ರೆಸ್ಸು ಬೇಡವೆಂದಿತು. ರಾಯರು ಎದೆಗುಂದಲಿಲ್ಲ, ಧರ್ಮತಲಾದಲ್ಲಿ ಯೂನಿಟೇರಿಯನ್ ಪ್ರೆಸ್ಸು ನೆಲೆಗೊಂಡಿತು, 1823ರಲ್ಲಿ ಪುಸ್ತಕ ಅಲ್ಲಿಂದ ಬಂತು. ತನ್ನ ಶ್ರದ್ಧೆಯ ಬುಡವನ್ನೇ ಪ್ರಶ್ನಿಸುವ ಲೇಖಕನನ್ನು ಮತ್ತೆ ಮತ್ತೆ ಅಚ್ಚು ಹಾಕಿ ಕೊನೆಗೆ ನಿಲ್ಲಿಸಿದ ಪ್ರೆಸ್ಸಿನ ಬಗ್ಗೆ ನನಗೆ ಗೌರವವಿದೆ. ಕೊನೆಯದನ್ನೂ ಹಾಕಿದ್ದರೆ ಗೌರವ ಇನ್ನೂ ಹೆಚ್ಚುತ್ತಿತ್ತು. ಆದರೆ ಅದರ ನಿರಾಕರಣೆ ಅಡ್ಡಗೋಡೆಯ ಮೇಲಿನ ದೀಪವಾಗಿರಲಿಲ್ಲ, ಯಾವ ಗೆರೆಯ ಬಳಿ ನಿಂತಿತೆಂಬುದು ಎಲ್ಲರಿಗೂ ಕಾಣುತ್ತಿತ್ತು.

ಇದು ಸೆನ್ಸಾರ್ ಅಲ್ಲವೇ ಎಂದು ಕೇಳಬಹುದು. ಅದೇ 1823ರಲ್ಲಿ ಕೋಲ್ಕತ್ತದಲ್ಲಿ ನಿಜವಾದ ಸೆನ್ಸಾರ್ ಹೇಗಿರುತ್ತದೆಂದು ಗೊತ್ತಾಯಿತು. ಹಂಗಾಮಿ ಗವರ್ನರ್ ಜನರಲ್ ಜಾನ್ ಆಡಮ್ ಪತ್ರಿಕೆಗಳಿಗೆ ಪರವಾನಗಿ ಕಡ್ಡಾಯ ಮಾಡಿದ. ಅದನ್ನು ಪ್ರತಿಭಟಿಸಿ ರಾಯರು ಸುಪ್ರೀಂ ಕೋರ್ಟಿಗೆ ಮನವಿ ಸಲ್ಲಿಸಿದರು, ತಮ್ಮ ಪಾರಸಿ ವಾರಪತ್ರಿಕೆ ಮಿರಾತುಲ್ ಅಖ್ಬಾರನ್ನು ನಿಲ್ಲಿಸಿಬಿಟ್ಟರು. ಪ್ರೆಸ್ಸೊಂದು ಬೇಡವೆಂದರೆ ಪಕ್ಕದ ಬೀದಿಯಲ್ಲಿ ಇನ್ನೊಂದು ತೆರೆಯಬಹುದು. ಸರ್ಕಾರ ಬೇಡವೆಂದರೆ ಬೀದಿಯೇ ಮುಚ್ಚುತ್ತದೆ. ಇಲ್ಲಿ ಒಂದು ಮಾತನ್ನು ಒಪ್ಪಲೇಬೇಕು. ರಾಯರಿಗೆ ಹಣವಿತ್ತು, ಸ್ನೇಹಿತರಿದ್ದರು. ಬಡ ಲೇಖಕನಿಗೆ ಒಂದು ಪ್ರೆಸ್ಸಿನ ನಿರಾಕರಣೆ ಎಂದರೆ ಪುಸ್ತಕದ ಕಥೆ ಅಲ್ಲಿಗೇ ಮುಗಿದಂತೆ. ಅದಕ್ಕಾಗಿಯೇ ಒಂದು ದೊಡ್ಡ ಪ್ರಕಾಶನಕ್ಕಿಂತ ಬೇರೆ ಬೇರೆ ನಿಲುವಿನ ಹತ್ತು ಸಣ್ಣ ಪ್ರಕಾಶನಗಳು ನಾಡಿಗೆ ಹೆಚ್ಚು ಕ್ಷೇಮ.

ಇನ್ನೂ ಗಟ್ಟಿಯಾದ ಆಕ್ಷೇಪವಿದೆ. ಮತಾಂತರದ ಗುರಿಯಿಂದ ನಡೆದ ಕೆಲಸವನ್ನು ಭಾಷಾಸೇವೆಯೆಂದು ಹೊಗಳುವುದು ಸರಿಯೇ ಎಂಬುದು ಅದು. ಗುರಿ ಮತಾಂತರವೇ ಆಗಿತ್ತು, ಸೆರಾಂಪುರದ ಮಿಷನರಿಗಳು ಅದನ್ನು ಮುಚ್ಚಿಡಲಿಲ್ಲ. ಅನ್ಯರ ಶ್ರದ್ಧೆಯನ್ನು ಹೀಗಳೆಯುವ ಬರಹವೂ ಅವರಿಂದ ಬಂತು. 1821ರಲ್ಲಿ ಅವರ ಸಮಾಚಾರ ದರ್ಪಣ ಪತ್ರಿಕೆಯಲ್ಲಿ ಹಿಂದೂ ಶಾಸ್ತ್ರಗಳನ್ನು ಟೀಕಿಸುವ ಪತ್ರ ಬಂದಾಗ ರಾಯರ ಉತ್ತರಕ್ಕೆ ಪೂರ್ತಿ ಜಾಗ ಸಿಗಲಿಲ್ಲ, ಅವರು ತಮ್ಮದೇ ನಿಯತಕಾಲಿಕ ಹೊರಡಿಸಬೇಕಾಯಿತು. ಇದು ತಪ್ಪೇ. ಆದರೆ ಮೊಳೆಗೆ ಮತವಿಲ್ಲ. ಒಮ್ಮೆ ಅಕ್ಷರ ಎರಕವಾದ ಮೇಲೆ ಅದರಿಂದ ಸುವಾರ್ತೆಯನ್ನೂ ಜೋಡಿಸಬಹುದು, ಅದರ ಖಂಡನೆಯನ್ನೂ ಜೋಡಿಸಬಹುದು, ಬಂಗಾಳದಲ್ಲಿ ಎರಡೂ ನಡೆದವು. ಹೊಗಳಿಕೆಯಲ್ಲಿ ಪಾಲು ಯಾರಿಗೆ ಎಂಬ ಪ್ರಶ್ನೆ ನನಗೆ ಇದಕ್ಕಿಂತ ಮುಖ್ಯ. ಮೃತ್ಯುಂಜಯ ವಿದ್ಯಾಲಂಕಾರರಂಥ ಪಂಡಿತರು ಹೇಳಿಕೊಟ್ಟ ಭಾಷೆ, ಕರ್ಮಕಾರರು ಕೊರೆದ ಅಕ್ಷರ ಇಲ್ಲದಿದ್ದರೆ ಕೇರಿಯ ಹೆಸರಿನಲ್ಲಿ ಒಂದು ಪುಟವೂ ಬರುತ್ತಿರಲಿಲ್ಲ. ಅನುವಾದಗಳ ಗುಣವೂ ಒಂದೇ ಸಮನಾಗಿರಲಿಲ್ಲ. ಒಂದೇ ಕಡೆ ಕುಳಿತು ಹತ್ತಾರು ಭಾಷೆಗಳಿಗೆ ಕೈಹಾಕಿದ ಅವಸರ ಅವುಗಳಲ್ಲಿ ಕಾಣುತ್ತದೆ. ಕನ್ನಡ ಕ್ರೈಸ್ತರ ನಡುವೆ ಬೇರುಬಿಟ್ಟದ್ದು ಬಳ್ಳಾರಿಯಲ್ಲಿದ್ದು ಜನರ ಮಾತು ಕೇಳಿಸಿಕೊಂಡ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಅನುವಾದವೇ ಹೊರತು ಸೆರಾಂಪುರದ್ದಲ್ಲ.

ಕನ್ನಡ ನೆಲಕ್ಕೆ ಬಂದರೆ ಇದೇ ಮಾತಿಗೆ ಇನ್ನೂ ಗಟ್ಟಿ ಸಾಕ್ಷಿ ಸಿಗುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಪ್ರೆಸ್ಸು 1841ರಲ್ಲಿ ಕಲ್ಲಚ್ಚಿನಿಂದ ಆರಂಭವಾಯಿತು, 1843ರ ಜುಲೈಯಲ್ಲಿ ಹರ್ಮನ್ ಮೋಗ್ಲಿಂಗ್ ಅಲ್ಲಿಂದ ಮಂಗಳೂರ ಸಮಾಚಾರ ಹೊರಡಿಸಿದರು. ಅವರೇ 1848ರಿಂದ ಬಿಬ್ಲಿಯೋಥಿಕಾ ಕರ್ನಾಟಿಕಾ ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಅಚ್ಚಿಗೆ ತಂದರು. ಅದರ ಖರ್ಚನ್ನು ಹೊತ್ತವರು ಕಾಸಮೇಜರ್ ಎಂಬ ಮದ್ರಾಸಿನ ನಿವೃತ್ತ ಅಧಿಕಾರಿ. ಕಿಟೆಲರ ನಿಘಂಟು ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದದ್ದೂ ಇದೇ ಮಿಷನ್ನಿನಲ್ಲಿ. ಸುಮಾರು 70,000 ಶಬ್ದಗಳ ಆ ಗ್ರಂಥವನ್ನು ಮಾರಾಟದ ಭರವಸೆಯ ಮೇಲೆ ಯಾರು ಕೈಗೆತ್ತಿಕೊಳ್ಳುತ್ತಿದ್ದರು? ಹಣ ಕೊಟ್ಟು ಅಚ್ಚು ಹಾಕಿಸಿದ ಪುಸ್ತಕಕ್ಕೆ ಬೆಲೆಯೇನು ಎಂದು ಮೂಗುಮುರಿಯುವವರು ಕಾಸಮೇಜರ್ ಹೆಸರನ್ನು ನೆನೆಯಲಿ. ಹಣ ಎಲ್ಲಿಂದ ಬಂತೆಂಬುದರಿಂದ ಪುಸ್ತಕ ಕೀಳಾಗುವುದಿಲ್ಲ. ಹಸ್ತಪ್ರತಿಯನ್ನು ಓದಿ, ತೂಗಿ, ತಿದ್ದಿ, ಆಗಲಿ ಎನ್ನುವ ಅಥವಾ ಬೇಡ ಎನ್ನುವ ಒಬ್ಬ ಮೋಗ್ಲಿಂಗ್ ಆ ಹಣಕ್ಕೂ ಅಚ್ಚಿನ ಯಂತ್ರಕ್ಕೂ ನಡುವೆ ಇದ್ದರೇ ಎಂಬುದು ಪ್ರಶ್ನೆ.

ಇವತ್ತಿನ ಲೇಖಕರು ಕೇಳಬೇಕಾದದ್ದೂ ಇದನ್ನೇ. ಕೊಟ್ಟದ್ದನ್ನೆಲ್ಲ ಓದದೆ ಒಪ್ಪಿ, ಪುಟಕ್ಕಿಷ್ಟು ಎಂದು ದರ ಹೇಳುವ ಸಂಸ್ಥೆ ಮುದ್ರಕನೇ ಹೊರತು ಪ್ರಕಾಶಕನಲ್ಲ, ಹೆಸರಿನ ಜೊತೆ ಶಿಲುಬೆಯ ಗುರುತಿದ್ದರೂ ಅಷ್ಟೇ. ಅವರ ಪುಸ್ತಕಗಳ ಪಟ್ಟಿ ತರಿಸಿ ನೋಡಿ. ನಿಮ್ಮ ಬರಹ ಆ ಉದ್ದೇಶದೊಳಗೆ ಬರುತ್ತದೆಯೇ ಎಂದು ಅದೇ ಹೇಳುತ್ತದೆ. ಕರಡು ತಿದ್ದುವವರು ಯಾರು, ಎಷ್ಟು ಪ್ರತಿ, ಸಭೆಗಳಲ್ಲಿ ಮತ್ತು ಸೆಮಿನರಿಗಳಲ್ಲಿ ಮಾರುವವರು ಯಾರು ಎಂದು ಮೊದಲೇ ಕೇಳಿ. ಸಣ್ಣ ಪ್ರೆಸ್ಸಿಗೆ ಅಂಗಡಿಗಳ ಜಾಲ ಇರುವುದಿಲ್ಲ ಎಂಬ ದೂರು ನಿಜ. ಆದರೆ ಅದರ ಓದುಗರು ಎಲ್ಲಿದ್ದಾರೆಂಬುದು ಅದಕ್ಕೆ ಗೊತ್ತಿರುತ್ತದೆ, ದೊಡ್ಡ ಪ್ರಕಾಶಕರಿಗೆ ಎಷ್ಟೋ ಸಲ ಅದೇ ಗೊತ್ತಿರುವುದಿಲ್ಲ. ಅಂದು ಫೋರ್ಟ್ ವಿಲಿಯಂ ಕಾಲೇಜು ಮಾಡಿದ ಕೆಲಸವನ್ನು ಇಂದು ಕರ್ನಾಟಕದ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯೂ ಕೋಲ್ಕತ್ತದಲ್ಲಿರುವ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನವೂ ಒಂದಿಷ್ಟು ಮಾಡುತ್ತವೆ, ಪ್ರಕಾಶಕರು ಅರ್ಜಿ ಹಾಕುವರೇ ಎಂದು ವಿಚಾರಿಸಿ. ಐಎಸ್‌ಬಿಎನ್ ಸಂಖ್ಯೆಗೆ ಭಾರತದಲ್ಲಿ ಶುಲ್ಕವಿಲ್ಲ. ಅದಕ್ಕೆಂದು ಹಣ ಕೇಳಿದರೆ ಕೊಡಬೇಡಿ. ಅದನ್ನು ಕೊಡುವ ಸರ್ಕಾರಿ ಸಂಸ್ಥೆಗಿರುವ ಹೆಸರೂ ರಾಮಮೋಹನ ರಾಯರದೇ.

ಒಪ್ಪಂದ ಬರಹದಲ್ಲಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿ ಇಲ್ಲದಿದ್ದರೆ ಸಿಂಧುವಲ್ಲ, ಅವಧಿ ನಮೂದಿಸದಿದ್ದರೆ ಅದು ಐದು ವರ್ಷಕ್ಕೆ ಮುಗಿಯುತ್ತದೆ. ಒಂದೇ ಸಮುದಾಯದವರು, ಒಂದೇ ಸಭೆಯವರು ಎಂಬ ವಿಶ್ವಾಸದಲ್ಲಿ ಬಾಯಿಮಾತಿಗೇ ಬಿಡುವುದು ನಮ್ಮಲ್ಲಿ ಸಾಮಾನ್ಯ, ಮರುಮುದ್ರಣದ ಹೊತ್ತಿಗೆ ಅದೇ ಮನಸ್ತಾಪವಾಗುತ್ತದೆ. ಕೊನೆಯದಾಗಿ ಒಂದು ವಿನಂತಿ. ಪುಸ್ತಕ ಹೊರಬಂದ 30 ದಿನಗಳೊಳಗೆ ಪ್ರಕಾಶಕರು ತಮ್ಮ ಖರ್ಚಿನಲ್ಲೇ ಒಂದು ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸಬೇಕೆಂದು 1954ರ ಕಾನೂನು ಹೇಳುತ್ತದೆ. ಅದು ಕನ್ನಡ ಪುಸ್ತಕಕ್ಕೂ ಅನ್ವಯಿಸುತ್ತದೆ. ಇನ್ನು ಮೂರು ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಹೋಗಬೇಕು. ಸಣ್ಣ ಪ್ರೆಸ್ಸಿನ ಪುಸ್ತಕ ಅಂಗಡಿಯಲ್ಲಿ ಬೇಗ ಕಣ್ಮರೆಯಾಗುವುದರಿಂದ ಈ ಪ್ರತಿಗಳ ಬೆಲೆ ದೊಡ್ಡದು. ನಿಮ್ಮ ಪುಸ್ತಕ ಅಲ್ಲಿಗೆ ಹೋಯಿತೇ ಎಂದು ಪ್ರಕಾಶಕರನ್ನು ಕೇಳಿ, ಕಳಿಸಿದ ರಸೀದಿಯ ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.