ಮಳಖೇಡದ ಮುತ್ತಿನ ಲೆಕ್ಕ

ವಸಂತದ ಒಂದು ರಾತ್ರಿ, ಪ್ರಣಯಕಲಹದಲ್ಲಿ ಮುತ್ತಿನ ಹಾರ ಹರಿಯುತ್ತದೆ. ಮೂರರಲ್ಲಿ ಒಂದು ಪಾಲು ದಾಸಿಯ ಕಡೆ ಬಿತ್ತು, ಆರರಲ್ಲಿ ಒಂದು ಪಾಲು ಹಾಸಿಗೆಯ ಮೇಲೆ. ಉಳಿದದ್ದರ ಅರ್ಧ, ಮತ್ತೆ ಉಳಿದದ್ದರ ಅರ್ಧ, ಹೀಗೆ ಆರು ಸಲ ಚೆಲ್ಲಾಡಿದ ಮೇಲೂ ದಾರದಲ್ಲಿ 1,161 ಮುತ್ತು ಇದ್ದವು. ಹಾರದಲ್ಲಿ ಮೊದಲು ಇದ್ದದ್ದೆಷ್ಟು? ಉತ್ತರ 1,48,608. ಇಷ್ಟನ್ನು ಹೊತ್ತ ಕೊರಳಿನ ಗತಿ ಏನಾಯಿತೆಂದು ಮಾತ್ರ ಕೇಳಬಾರದು!

ಈ ಲೆಕ್ಕ ಕೊಟ್ಟವನು ಜೈನ ಗಣಿತಜ್ಞ ಮಹಾವೀರಾಚಾರ್ಯ. ಕ್ರಿ.ಶ. 850ರ ಸುಮಾರಿಗೆ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ತನ್ನ ಊರು, ಮನೆತನದ ಸುದ್ದಿಗೇ ಹೋಗದೆ ಅಮೋಘವರ್ಷ ನೃಪತುಂಗನನ್ನು ಮನಸಾರೆ ಹೊಗಳುತ್ತಾನೆ. ಆ ದೊರೆಯ ರಾಜಧಾನಿ ಮಾನ್ಯಖೇಟವೇ ಕಾಗಿಣಾ ದಂಡೆಯ ಇಂದಿನ ಮಳಖೇಡ. ನೃಪತುಂಗನೆಂದರೆ ನಮಗೆ ‘ಕವಿರಾಜಮಾರ್ಗ’ವೊಂದೇ ನೆನಪಾಗುತ್ತದೆ, ಅದೇ ಆಶ್ರಯದಲ್ಲಿ ಬೆಳೆದ ಈ ಗಣಿತಗ್ರಂಥಕ್ಕೆ ಪಠ್ಯದಲ್ಲಿ ಸಿಗುವುದು ಒಂದು ಸಾಲು.

ಒಂಬತ್ತು ಅಧ್ಯಾಯಗಳಲ್ಲಿ ಭಿನ್ನರಾಶಿ, ತ್ರೈರಾಶಿಕ, ಕ್ಷೇತ್ರಗಣಿತ, ಹಳ್ಳ ತೋಡುವ ಲೆಕ್ಕ, ನೆರಳಿನ ಲೆಕ್ಕ ಎಲ್ಲ ಇವೆ. ಮಿಶ್ರಕ ವ್ಯವಹಾರದ ಬಡ್ಡಿ ಲೆಕ್ಕಗಳಂತೂ ಔರಾದ ತಾಲ್ಲೂಕಿನ ಚಿಂತಾಕಿಯ ರೈತ ಅಡತಿ ಅಂಗಡಿಯ ಮುಂದೆ ಕೂತು ಬೆರಳಲ್ಲಿ ಎಣಿಸುವಂಥವೇ: ದರ ಗೊತ್ತಿರುವಾಗ ಅಸಲು, ಬಡ್ಡಿ, ತಿಂಗಳು ಇವುಗಳಲ್ಲಿ ಎರಡು ತಿಳಿದಿದ್ದರೆ ಮೂರನೆಯದು ಎಷ್ಟು?

ಆದರೆ ಮಹಾವೀರಾಚಾರ್ಯನಿಗೆ ನಿಜವಾದ ಮೋಜು ಇದ್ದದ್ದು ಅಂಕಿಗಳ ಚೆಲುವಿನಲ್ಲಿ. 152207ನ್ನು 73ರಿಂದ ಗುಣಿಸಿ: 11111111. ಇನ್ನು 27994681ನ್ನು 441ರಿಂದ ಗುಣಿಸಿದರೆ 12345654321. ಹಿಂದಿನಿಂದ ಓದಿದರೂ ಅದೇ. ಇಂಥವನ್ನು ರಾಜರ ಕಂಠಾಭರಣವೆಂದು ಕರೆದ. ಮೊಬೈಲ್ ತೆಗೆದು ತಾಳೆ ನೋಡಬಹುದು.

ಕೊಟ್ಟಷ್ಟು ವಸ್ತುಗಳಿಂದ ಇಂತಿಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಸಾರ್ವತ್ರಿಕ ಸೂತ್ರ ಕೊಟ್ಟ. ಋಣ ಸಂಖ್ಯೆಗೆ ವರ್ಗಮೂಲವಿಲ್ಲವೆಂದು ಖಡಾಖಂಡಿತವಾಗಿ ಹೇಳಿದ. ಸೊನ್ನೆಯಲ್ಲಿ ಮಾತ್ರ ಜಾರಿದ: ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದುಬಿಟ್ಟ. ನನಗೇನೋ ಇದು ವ್ಯಾಪಾರಿಯ ತರ್ಕವಾಗಿ ಕಾಣುತ್ತದೆ. ಪಾಲು ಕೇಳುವವರೇ ಇಲ್ಲದಿದ್ದರೆ ಗಂಟು ಹಾಗೆಯೇ ಉಳಿಯುತ್ತದಲ್ಲ.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದ್ರಾಸಿನಲ್ಲಿ ಅಚ್ಚು ಹಾಕಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಹೊರಬಂದದ್ದು 2000ದಲ್ಲಿ, ಪುಸ್ತಕ ಹುಟ್ಟಿ ಸಾವಿರದ ನೂರೈವತ್ತು ವರ್ಷಗಳ ಮೇಲೆ.